ಅನಗವಾಡಿಯ ಎತ್ತರದ ಲೆಕ್ಕ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಅನಗವಾಡಿ ಅಂದರೆ ಒಂದು ಸೇತುವೆ. ಗದ್ದನಕೇರಿ ದಾಟಿದ ಮೇಲೆ ಘಟಪ್ರಭೆ ಬರುತ್ತಾಳೆ, ಕಿಟಕಿಯಲ್ಲಿ ನೀರು ಹೊಳೆಯುತ್ತದೆ, ಹಿಂದಿನ ಸೀಟಿನ ಅಜ್ಜಿಯೊಬ್ಬಳು ಒಂದು ರೂಪಾಯಿ ನಾಣ್ಯ ಒಗೆದು ಕೈ ಮುಗಿಯುತ್ತಾಳೆ. ಅಷ್ಟರಲ್ಲಿ ಬಸ್ಸು ಬೀಳಗಿ ದಾರಿ ಹಿಡಿದಿರುತ್ತದೆ. ಊರು ಎಲ್ಲಿತ್ತು, ಹೊಳಿ ಎಲ್ಲಿತ್ತು, ನಡುವೆ ಯಾವ ಏರು ಬಂತು, ಯಾವ ಇಳಕಲು ಹೋಯಿತು, ಒಂದೂ ನೆನಪಿರುವುದಿಲ್ಲ. ಡೀಸೆಲ್ ಎಂಜಿನ್‌ಗೆ ಈ ಸೀಮೆಯ ಗುಡ್ಡಗಳು ಗುಡ್ಡಗಳೇ ಅಲ್ಲ.

ಸೈಕಲ್ಲಿಗೆ ಹಾಗಲ್ಲ ನೋಡ್ರಿ. ಹತ್ತು ಮೀಟರ್ ಏರಿದರೂ ತೊಡೆಗೆ ಗೊತ್ತಾಗುತ್ತದೆ. ಬೀಳಗಿ, ಮುಧೋಳ, ಜಮಖಂಡಿ ಸೀಮೆಯ ಇತಿಹಾಸ ಓದುವುದಕ್ಕೆ ಈ ತೊಡೆಯ ಲೆಕ್ಕವೇ ಸರಿಯಾದದ್ದು ಎಂಬುದು ನನ್ನ ವಾದ. ಏಕೆಂದರೆ ಇಲ್ಲಿ ಯಾವ ಕಾಲಕ್ಕೆ ಯಾರು ಎಲ್ಲಿ ಬದುಕಿದರು, ಯಾವ ದಾರಿ ಎಲ್ಲಿ ಹಾಯಿತು, ಯಾರು ಎಲ್ಲಿ ಬಚ್ಚಿಟ್ಟುಕೊಂಡರು, ಯಾರ ಮನೆ ಹೋಯಿತು, ಯಾರದ್ದು ಉಳಿಯಿತು ಎಂಬ ಪ್ರಶ್ನೆಗಳೆಲ್ಲ ಕಡೆಗೆ ಹೊಳಿಯ ನೀರಿಗಿಂತ ಎಷ್ಟು ಎತ್ತರ ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಕೆಳಗಿನಿಂದಲೇ ಶುರು ಮಾಡೋಣ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕದ ಹತ್ತಿರ 52 ಮೀಟರ್ ಧುಮುಕಿ, ಮುಧೋಳ, ಕಲಾದಗಿ, ಅನಗವಾಡಿ ಹಾಯ್ದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಒಟ್ಟು ಸುಮಾರು 283 ಕಿಲೋಮೀಟರ್ ಹಾದಿ. ಬೇಸಿಗೆಯಲ್ಲಿ ನೀರು ಸರಿದಾಗ ಈ ಹೊಳಿಸಾಲಿನ ದಂಡೆ ಕೊರೆದು ನಿಂತ ಜಾಗಗಳಲ್ಲಿ ಒಂದು ಪದರು ಕಾಣುತ್ತದೆ: ಉರುಟುಗಲ್ಲುಗಳು ಸುಣ್ಣ ಮಿಶ್ರಿತ ಮಣ್ಣಿನಲ್ಲಿ ಅಂಟಿಕೊಂಡು ಕಾಂಕ್ರೀಟಿನ ಹಾಗೆ ಗಟ್ಟಿಯಾದದ್ದು. ಸೈಕಲ್ ಹೊಡೆಯುವವರಿಗೆ ಈ ಕಲ್ಲು ಶತ್ರು. ಮುಂದಿನ ಗಾಲಿ ಮೇಲೇರಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಆದರೆ ಇದೇ ಪದರಿನಿಂದಾಗಿ ಅನಗವಾಡಿಯ ಹೆಸರು ಪುರಾತತ್ವದ ಪುಸ್ತಕಗಳಲ್ಲಿ ಸೇರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಆರ್.ಎಸ್. ಪಪ್ಪು ಅವರು ಮೇಲ್ಕೃಷ್ಣಾ ಕೊಳ್ಳದ ಶಿಲಾಯುಗದ ಬಗ್ಗೆ ನಡೆಸಿದ ಅಧ್ಯಯನ 1974ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಅನಗವಾಡಿ ಒಂದು ಮುಖ್ಯ ನೆಲೆ. ಕ್ವಾರ್ಟ್‌ಜೈಟ್ ಕಲ್ಲನ್ನು ಎರಡೂ ಮಗ್ಗಲು ಚಕ್ಕೆ ಎಬ್ಬಿಸಿ ಮಾಡಿದ ಕೈಗೊಡಲಿಗಳು, ಸೀಳುಗತ್ತಿಯಂಥ ಹತ್ಯಾರುಗಳು ಇಲ್ಲಿ ಸಿಕ್ಕಿವೆ. ಕೃಷ್ಣೆಯ ಕೆಳಗಿನ ಸೀಮೆಯಲ್ಲಿ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕ ಇಂಥದ್ದೇ ಹತ್ಯಾರುಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಅನಗವಾಡಿಗೂ ಅದೇ ವಯಸ್ಸು ಎಂದು ನಾನು ಹೇಳುತ್ತಿಲ್ಲ. ಬುದ್ಧಿ ಮತ್ತು ಕೈಕೆಲಸದ ಬಗೆ ಮಾತ್ರ ಅದೇ ಬಳಗದ್ದು.

ಆ ಕಲ್ಲಾದರೂ ಎಲ್ಲಿಂದ ಬಂತು? ಮೇಲಿನ ಗುಡ್ಡಗಳಿಂದ. ಈ ಗುಡ್ಡಗಳ ಕಲ್ಲಿಗೆ ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಬಳಸುವ ಹೆಸರು ನಮ್ಮೂರಿನದ್ದೇ: ಕಲಾದಗಿ ಶಿಲಾಸಮೂಹ. ಹೆಸರು ಇಟ್ಟವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಕೈಗೊಡಲಿಯನ್ನು ಗುರುತಿಸಿ ಈ ದೇಶದ ಹಳೆಯ ಶಿಲಾಯುಗದ ಬಾಗಿಲು ತೆರೆದ ಅದೇ ಫೂಟ್ ಸಾಹೇಬ. ಆಮೇಲೆ ದಕ್ಷಿಣ ಮರಾಠಾ ಸೀಮೆಯ ಸರ್ವೇಗೆ ಬಂದು, 1876ರಲ್ಲಿ ಅದರ ವರದಿ ಅಚ್ಚು ಹಾಕಿಸಿದ. ಕುದುರೆ ಮೇಲೆ, ಎತ್ತಿನ ಬಂಡಿಯಲ್ಲಿ, ಬಹಳಷ್ಟು ನಡೆದು ಈ ಸೀಮೆ ನೋಡಿದ ಮನುಷ್ಯ. ಕಲಾದಗಿ, ಲೋಕಾಪುರ, ಬಾಗಲಕೋಟೆ ಕಡೆ ಕಾಣುವ ಉದ್ದುದ್ದ ಏಣಿನ ಗುಡ್ಡಗಳು ಹಳೆಯ ಸಮುದ್ರದ ತಳದ ಮರಳು ಗಟ್ಟಿಯಾಗಿ, ಮಡಚಿಕೊಂಡು ಎದ್ದವು. ಮೆತ್ತಗಿನ ಸುಣ್ಣಕಲ್ಲು ಸವೆದು ಕಣಿವೆಯಾಯಿತು, ಗಟ್ಟಿ ಕ್ವಾರ್ಟ್‌ಜೈಟ್ ಏಣಾಗಿ ಉಳಿಯಿತು. ಹೊಳಿ ಈ ಏಣುಗಳನ್ನು ಎಲ್ಲಿ ಒಡೆದು ದಾಟಿತೋ ಅಲ್ಲೇ ಮನುಷ್ಯನೂ ದಾಟಿದ. ಮೌಂಟೇನ್ ಬೈಕಿನ ಹುಡುಗರು ಹುಡುಕುವ ದಾರಿ ಎಂದರೆ ಇದೇ: ಒಂದು ಏಣು ಏರಬೇಕು, ಗರಸಿನ ಮೇಲೆ ಇಳಿಯಬೇಕು, ಹಳ್ಳ ದಾಟಬೇಕು, ಮತ್ತೆ ಏರಬೇಕು.

ಇಲ್ಲೊಂದು ಮಾತು. ನಕಾಶೆ ನೋಡಿದರೆ ಹೊಳಿಯ ದಂಡೆಗುಂಟ ದಾರಿ ಮಾಡುವುದೇ ಸುಲಭ ಅನ್ನಿಸುತ್ತದೆ. ಹಳೆಯ ಚಕ್ಕಡಿ ದಾರಿಗಳು ಮಾತ್ರ ಹೊಳಿಯಿಂದ ದೂರ, ಮಡ್ಡಿ ಹಿಡಿದು ಹೋಗುತ್ತವೆ. ಕಾರಣ ಎರಿ ಮಣ್ಣು. ಎರಿ ಹೊಲದಲ್ಲಿ ಒಂದು ಮಳಿ ಬಿದ್ದರೆ ಸಾಕು, ಚಕ್ಕಡಿಯ ಗಾಲಿಗೆ ಕಂಬಳಿ ಸುತ್ತಿದಂತೆ ಮಣ್ಣು ಸುತ್ತಿಕೊಳ್ಳುತ್ತದೆ. ಎತ್ತುಗಳು ಮೊಣಕಾಲು ಊರುತ್ತವೆ. ಮಡ್ಡಿಯಲ್ಲಾದರೆ ಬೆಳೆ ಕಡಿಮೆ, ಕಲ್ಲು ಹೆಚ್ಚು. ಆದರೆ ನೀರು ಇಂಗುತ್ತದೆ, ಗಾಲಿ ಉರುಳುತ್ತದೆ. ಹಾಗಾಗಿ ಹೊಳಿಸಾಲಿನ ಊರಿಗೆ ಎರಡು ದಾರಿ ಇರುತ್ತಿದ್ದವು: ಒಂದು ಬೇಸಿಗೆಯದ್ದು, ಒಂದು ಮಳಿಗಾಲದ್ದು. ಎರಿ ಮೆತ್ತಿಕೊಂಡು ಗಾಲಿ ತಿರುಗದಂತಾದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಒಂದು ಫರ್ಲಾಂಗು ನಡೆದವರಿಗೆ ಈ ಎರಡು ದಾರಿಯ ತರ್ಕವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ದಾರಿಗಳ ನಡುವೆ ಕೆಲವು ವರ್ಷ ಒಂದು ರಾಜಧಾನಿಯೂ ಇತ್ತು ಎಂಬುದನ್ನು ಈಗ ನಂಬುವುದು ಕಷ್ಟ. 1864ರಲ್ಲಿ ಇಂಗ್ಲಿಷರು ಹೊಸ ಜಿಲ್ಲೆ ಮಾಡಿದಾಗ ಅದಕ್ಕೆ ಇಟ್ಟ ಹೆಸರು ಕಲಾದಗಿ. ದಂಡು ಇದ್ದ ಊರು, ಕಲೆಕ್ಟರ್ ಇದ್ದ ಊರು. 1885ರಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು, ಹೆಸರೂ ಅದರ ಹಿಂದೆ ಹೋಯಿತು. ಕಲಾದಗಿಗೆ ಉಳಿದದ್ದು ಸಾಹೇಬರ ಗೋರಿಗಳು, ಹೊಳಿ ನೀರಿನ ದಾಳಿಂಬೆ, ಚಿಕ್ಕು. ಅದೇ 1885ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ರೋವರ್ ಎಂಬ ಸೈಕಲ್ ಮಾಡಿದ. ಎರಡೂ ಗಾಲಿ ಹೆಚ್ಚುಕಡಿಮೆ ಸಮ, ಹಿಂದಿನ ಗಾಲಿಗೆ ಚೈನು. ಮೂರು ವರ್ಷಕ್ಕೆ ಡನ್‌ಲಪ್‌ನ ಗಾಳಿ ತುಂಬಿದ ಟೈರು ಬಂತು. ಇವತ್ತಿಗೂ ಸೈಕಲ್ಲಿನ ಮೂಲ ಆಕಾರ ಅದೇ. ಕಲಾದಗಿಯ ಕೊನೆಗೂ ರೋವರ್‌ನ ಹುಟ್ಟಿಗೂ ಸಂಬಂಧವೇನೂ ಇಲ್ಲ, ಇಸವಿ ಕೂಡಿ ಬಂತು, ಅಷ್ಟೇ. ಆದರೆ ಆ ಸೈಕಲ್ಲು ಕಡೆಗೆ ಈ ದಾರಿಗೂ ಬಂತಲ್ಲ, ಅದು ದೊಡ್ಡ ಮಾತು.

ಬಂದದ್ದು ಮೆಲ್ಲಗೆ. ಮೊದಲು ವಿಲಾಯತಿ ಮಾಲು: ರ‍್ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್. ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ, ನಡುವೆ ಬ್ರಿಟಿಷ್ ಮುಲ್ಕು. ಎಲ್ಲ ಕಡೆ ಸೈಕಲ್ಲು ಮೊದಲು ಮಾಸ್ತರ, ಪೋಸ್ಟ್‌ಮನ್, ಗುಮಾಸ್ತರ ವಾಹನ. ಸ್ವಾತಂತ್ರ್ಯದ ಮೇಲೆ ಮದ್ರಾಸು, ಸೋನೆಪತ್, ಲುಧಿಯಾನಾಗಳಲ್ಲಿ ಕಾರ್ಖಾನೆ ಎದ್ದವು. 1956ರಲ್ಲಿ ಹೀರೋ ಶುರುವಾಯಿತು. ಆಮೇಲೆ ರೈತನ ಕೈಗೂ ಸೈಕಲ್ಲು ನಿಲುಕಿತು. ಸಂತೆ ಊರುಗಳಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ ಬಂದವು. ಹಿಂದೆ ಕ್ಯಾರಿಯರ್, ಮುಂದೆ ಡೈನಮೋ ದೀಪ, ಪುರಸಭೆಗೆ ತೆರಿಗೆ ಕಟ್ಟಿದ್ದಕ್ಕೆ ಒಂದು ತಗಡಿನ ಬಿಲ್ಲೆ. ಬಿಲ್ಲೆ ಇಲ್ಲದವನು ಪೊಲೀಸರನ್ನು ಕಂಡು ಸಂದಿ ಹಿಡಿಯುತ್ತಿದ್ದ. ಊರ ಅಗಸಿ ಮುಂದೆ ಏಳು ದಿನ ಕೆಳಗೆ ಇಳಿಯದೆ ಸೈಕಲ್ ತುಳಿಯುವವನು ಬರುತ್ತಿದ್ದ. ಊಟ, ಜಳಕ ಎಲ್ಲ ಅದರ ಮೇಲೇ. ಊರವರು ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ರಬಕವಿ, ಬನಹಟ್ಟಿಯ ನೇಕಾರರು ನೂಲು, ಸೀರೆಯ ಗಂಟು ಒಯ್ದದ್ದೂ ಸೈಕಲ್ಲಿನ ಮೇಲೇ.

ಈಗ ಅಮೆರಿಕದ ಕಥೆಗೆ ಒಂದು ಸುತ್ತು ಹೋಗಿ ಬರೋಣ. ಮೌಂಟೇನ್ ಬೈಕಿಂಗ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಎಂಬ ಸೀಮೆಯಲ್ಲಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅಲ್ಲಿಯ ಟಮಾಲ್ಪಾಯಿಸ್ ಗುಡ್ಡದ ಮಗ್ಗುಲಲ್ಲಿ 1976ರಲ್ಲಿ ಕೆಲವು ಹುಡುಗರು ದಪ್ಪ ಟೈರಿನ, ಮೂವತ್ತು ನಲವತ್ತು ವರ್ಷ ಹಳೆಯ ಸೈಕಲ್ಲುಗಳನ್ನು ಮಣ್ಣಿನ ದಾರಿಯಲ್ಲಿ ಇಳಿಸಿ ಶರ್ಯತ್ತು ಹಚ್ಚಿದರು. ಇಳಿಯುವಾಗ ಹಿಂದಿನ ಗಾಲಿಯ ಬ್ರೇಕು ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಓಟಕ್ಕೆ ರೀಪ್ಯಾಕ್ ಎಂಬ ಹೆಸರು ಬಂತು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲಿ ಮುಂತಾದವರು ಆ ಹಳೆ ಗಾಡಿಗೆ ಗೇರು, ಒಳ್ಳೆಯ ಬ್ರೇಕು ಸೇರಿಸಿ ಹೊಸ ಫ್ರೇಮು ಕಟ್ಟಿದರು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಹೊತ್ತಿಗೆ, ಅದು ಒಲಿಂಪಿಕ್ಸ್ ಆಟವಾಯಿತು.

ಇದನ್ನು ಕೇಳಿದ ಕೂಡಲೇ ನಮ್ಮ ಕಡೆ ಒಬ್ಬರಾದರೂ ಹೇಳುತ್ತಾರೆ: "ಏ, ನಮ್ಮ ಮುತ್ಯಾ ಇದನ್ನ ಆಗಳೇ ಮಾಡಿದ್ದ ಬಿಡ್ರಿ. ಎರಡು ಚೀಲ ಜ್ವಾಳಾ ಹೇರ್ಕೊಂಡು ಗುಡ್ಡಾ ದಾಟತಿದ್ದ." ಮುತ್ಯಾ ದಾಟಿದ್ದು ಖರೆ. ಆದರೆ ತುಳಿದು ದಾಟಿದನೋ, ನೂಕಿಕೊಂಡು ದಾಟಿದನೋ ಎಂದು ಕೇಳಬೇಕು. ಇಪ್ಪತ್ತು ಕಿಲೋ ದಾಟುವ ಗಾಡಿ, ಒಂದೇ ಗೇರು, ಕಡ್ಡಿಯ ಬ್ರೇಕು, ಮೇಲೆ ಚೀಲ. ಏರಿನಲ್ಲಿ ಅವನು ಸೈಕಲ್ಲಿನ ಮೇಲೆ ಇರುತ್ತಿರಲಿಲ್ಲ, ಅದರ ಪಕ್ಕಕ್ಕೆ ಇರುತ್ತಿದ್ದ. ಅವನಿಗೆ ಅದು ಮೇವು ಕೇಳದ ಎತ್ತು. ಮರಿನ್‌ನ ಹುಡುಗರು ಗಾಡಿಗಳನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಮೇಲೆ ಹೋಗಿ ಖುಷಿಗೆ ಇಳಿದವರು. ಮುತ್ಯಾನ ಇಳಕಲಿನಲ್ಲಿ ಖುಷಿಗಿಂತ ಜೋಳ ಚೆಲ್ಲೀತೆಂಬ ಅಂಜಿಕೆ ಹೆಚ್ಚು. ಎರಡನ್ನೂ ಒಂದೇ ಎಂದರೆ ಮುತ್ಯಾನ ದುಡಿಮೆಗೇ ಅವಮಾನ ಎಂದು ನನಗೆ ಅನ್ನಿಸುತ್ತದೆ.

ಆಟ ನಮ್ಮಲ್ಲಿ ಬೇರೆ ದಾರಿಯಿಂದ ಬಂತು. ಜಾತ್ರೆಯಿಂದ. ಈ ಸೀಮೆಯ ಜಾತ್ರೆ ಅಂದ ಮೇಲೆ ಚಕ್ಕಡಿ ಶರ್ಯತ್ತು, ಕುದುರೆ ಗಾಡಿ ಶರ್ಯತ್ತು, ಸಂಗ್ರಾಣಿ ಕಲ್ಲು, ಅದರ ಜೊತೆಗೆ ಸೈಕಲ್ ಶರ್ಯತ್ತು. ಊರ ಹುಡುಗರು ಮಡಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು ಎಲ್ಲ ಬಿಚ್ಚಿ ಹಗುರ ಮಾಡಿಕೊಂಡ ಗಾಡಿಯ ಮೇಲೆ ಡಾಂಬರು ರಸ್ತೆಗೆ ಇಳಿಯುತ್ತಿದ್ದರು. ಇನಾಮು ಒಂದು ಟಗರು, ಇಲ್ಲ ಒಂದು ಗಡಿಯಾರ. ಆ ಹುಡುಗರ ಸಾಲಿನಿಂದಲೇ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯದ ಸೈಕ್ಲಿಂಗಿನ ತವರಾದವು. ಸರ್ಕಾರ ಸೈಕ್ಲಿಂಗಿಗೆಂದೇ ಕ್ರೀಡಾನಿಲಯಗಳನ್ನು ಈ ಎರಡು ಊರುಗಳಲ್ಲಿ ನಡೆಸಿದ್ದು ಸುಮ್ಮನೆ ಅಲ್ಲ. ರೊಟ್ಟಿ ತಿಂದು ಬಿಸಿಲಿನಲ್ಲಿ ಬೆಳೆದ ಮಕ್ಕಳು ದೆಹಲಿ, ಪುಣೆಯ ಟ್ರ್ಯಾಕಿನಲ್ಲಿ ಪದಕ ತಂದರು. ಗದಗದ ಹತ್ತಿರದ ಗುಡ್ಡದಲ್ಲಿ ಈಚೆಗೆ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆಯೂ ನಡೆದದ್ದುಂಟು. ಅಂದರೆ ಆಟ ಈಗ ಡಾಂಬರು ಬಿಟ್ಟು ಮಡ್ಡಿಗೂ ಹತ್ತಿದೆ.

ಆದರೆ ಈ ಹಳ್ಳಿಗಳ ಸೈಕಲ್ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಯಾವ ಸ್ಪರ್ಧೆಯೂ ಅಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಏಳನೆತ್ತೆ ಮುಗಿದರೆ ಹುಡುಗಿಯ ಓದು ಮುಗಿಯಿತು ಎಂಬ ಹಳ್ಳಿಗಳಲ್ಲಿ, ಐದಾರು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಹುಡುಗಿಯರು ಸಾಲುಗಟ್ಟಿ ಸೈಕಲ್ ತುಳಿದರು. ಸೈಕಲ್ಲು ಗಂಡಸರ ಗಾಡಿ ಎಂಬ ಮಾತು ಒಂದೇ ಜೂನ್ ತಿಂಗಳಲ್ಲಿ ಸತ್ತಿತು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಎರಡೆರಡು ಟ್ರೇಲರಿನ ಧೂಳಿನಲ್ಲಿ, ಏರು ಬಂದರೆ ಇಳಿದು ನೂಕುತ್ತ, ಇಳಕಲಿನಲ್ಲಿ ಕಾಲು ಚಾಚಿ ಚೀರುತ್ತ ಹೋದ ಆ ಹುಡುಗಿಯರೇ ಈ ಕಣಿವೆಯ ಅಸಲಿ ಗುಡ್ಡಗಾಡು ಸವಾರರು. ಕೊರೊನಾ ಕಾಲಕ್ಕೆ ಆ ಯೋಜನೆ ನಿಂತಿತು.

ಇನ್ನು ನೀರಿನ ಮಾತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಹದಿನೆಂಟು ದಿನಕ್ಕೆ ಅವರು ಪ್ರಧಾನಿಯಾದರು. ಅಣೆಕಟ್ಟು ಮುಗಿಯುವುದಕ್ಕೆ ಮಾತ್ರ ನಲವತ್ತು ವರ್ಷ ಹಿಡಿಯಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ತನಕ ಒಪ್ಪಿಗೆ ಕೊಟ್ಟಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ನಾಡಿಗೆ ಅರ್ಪಿಸಿದರು. 123 ಟಿಎಂಸಿ ನೀರು. ಆ ನೀರು ಕೃಷ್ಣೆಯಲ್ಲಿ ಮಾತ್ರ ನಿಲ್ಲಲಿಲ್ಲ, ಚಿಕ್ಕಸಂಗಮದಿಂದ ಘಟಪ್ರಭೆಯ ಬೆನ್ನು ಹತ್ತಿ ಹೆರಕಲ್, ಅನಗವಾಡಿ ಕಡೆಗೂ ಸರಿಯಿತು. ಹಳೆ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಕೊರ್ತಿ ಮತ್ತು ಕೊಲ್ಹಾರದ ನಡುವೆ ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ಬೇಕಾಯಿತು. ಹೊಳಿಸಾಲಿನ ಊರುಗಳು ಮೇಲಿನ ಮಡ್ಡಿಗೆ ಬಂದು 'ಪುನರ್ವಸತಿ ಕೇಂದ್ರ' ಎಂಬ ಉದ್ದ ಹೆಸರು ಹೊತ್ತವು.

ಸೈಕಲ್ಲಿನ ಮೇಲೆ ಹೋದರೆ ಹಳೆ ಊರು, ಹೊಸ ಊರಿನ ಫರಕು ಮೊದಲು ಹ್ಯಾಂಡಲ್ಲಿಗೆ ತಿಳಿಯುತ್ತದೆ. ಹಳೆ ಊರಿನ ಓಣಿಯಲ್ಲಿ ಹತ್ತು ಮಾರು ನೇರ ಹೋಗಲಾರಿರಿ. ಅಗಸಿ, ಅದರ ಒಳಗೆ ಕಟ್ಟೆ, ಕಟ್ಟೆ ಸುತ್ತಿ ಓಣಿ, ಓಣಿ ಸೊಟ್ಟಾಗಿ ಒಂದು ವಾಡೆಯ ಮುಂದೆ ನಿಂತುಬಿಡುತ್ತದೆ. ಮ್ಯಾಳಿಗಿ ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತಿರುತ್ತವೆ. ಆ ಸೊಟ್ಟು ಸುಮ್ಮನೆ ಆದದ್ದಲ್ಲ. ಪೆಂಢಾರಿಗಳ ಕುದುರೆ ಒಳಗೆ ನುಗ್ಗಿ ಓಡಬಾರದು, ಬೇಸಿಗೆಯ ಬಿಸಿಗಾಳಿ ಹಾಯಬಾರದು, ಅದಕ್ಕೆ. ಹೊಸ ಊರು ಎಂದರೆ ಸ್ಕೇಲು ಹಿಡಿದು ಎಳೆದ ಗೆರೆ. ರಸ್ತೆ ಅಗಲ, ಪ್ಲಾಟು ಚೌಕ, ನೆರಳು ಇಲ್ಲ. ನಡುಮಧ್ಯಾಹ್ನ ಅಲ್ಲಿ ಸೈಕಲ್ ಹೊಡೆದರೆ ನಿಲ್ಲಲು ಒಂದು ಕಟ್ಟೆ ಸಿಗುವುದಿಲ್ಲ. ಮನುಷ್ಯರು ಅಲ್ಲಿಯೂ ಬೇವು ನೆಟ್ಟು, ದೇವರ ಗುಡಿ ಮತ್ತೆ ಕಟ್ಟಿ, ಊರನ್ನು ಊರಾಗಿಸಿಕೊಂಡಿದ್ದಾರೆ, ಸುಳ್ಳಲ್ಲ. ಆದರೂ ಹೊಲ ಒಂದು ಕಡೆ, ಮನೆ ಒಂದು ಕಡೆ ಆದ ಮೇಲೆ ದಿನಾ ಬೆಳಿಗ್ಗೆ ಸೈಕಲ್ಲಿಗೆ ಬುತ್ತಿ ಕಟ್ಟಿಕೊಂಡು ಕೆಳಗೆ ಇಳಿಯುವ ವಯಸ್ಸಾದವರು ಈಗಲೂ ಕಾಣುತ್ತಾರೆ.

ಹಿನ್ನೀರಿನ ದಂಡೆಯಲ್ಲಿ ಹಳೆ ದಾರಿ ಹಿಡಿದು ಇಳಿದರೆ ಒಂದು ಕಡೆ ದಾರಿ ನೀರಿನೊಳಗೆ ಹೋಗುತ್ತದೆ. ಕೆಟ್ಟು ಹಾಳಾಗಿ ಮುಗಿಯುವುದಿಲ್ಲ, ಹಾಗೇ ಕೆಳಗೆ ಇಳಿದು ಹೋಗುತ್ತದೆ. ಎರಡೂ ಮಗ್ಗಲು ಸತ್ತ ಜಾಲಿ ಗಿಡ, ಅದರ ಮೇಲೆ ನೀರುಕಾಗೆ. ಮಾರ್ಚ್, ಏಪ್ರಿಲ್‌ಗೆ ನೀರು ಸರಿದಾಗ ಅದೇ ದಾರಿ ಕೆಸರು ಹೊದ್ದು ಮತ್ತೆ ಏಳುತ್ತದೆ. ಚಳಿಗಾಲದಲ್ಲಿ ಹೆರಕಲ್, ಚಿಕ್ಕಸಂಗಮದ ಕಡೆ ರಾಜಹಂಸಗಳು ಬಂದು ನಿಲ್ಲುತ್ತವೆ. ಫೋಟೋದವರಿಗೆ ಹಬ್ಬ. ಆ ಹಕ್ಕಿಗಳು ನಿಂತ ತೆಳು ನೀರಿನ ಕೆಳಗಿರುವುದು ಯಾರದೋ ಜೋಳದ ಹೊಲ.

ಇಲ್ಲಿಂದ ಬೀಳಗಿ ಹಾಯ್ದು ಪಶ್ಚಿಮಕ್ಕೆ ತಿರುಗಿದರೆ ಗುಡ್ಡದ ಸೀಮೆ. ಬೀಳಗಿಯಲ್ಲಿ ಅರೆತ್ತಿನ ಬಾವಿಯ ಮೆಟ್ಟಿಲಿಗೆ ಕೂತು ನೀರು ಕುಡಿದು ಮುಂದೆ ಹೋಗುವುದು ಒಳ್ಳೆಯದು, ಮುಂದೆ ನೆರಳು ಕಡಿಮೆ. ಬೀಳಗಿ, ಮುಧೋಳ ತಾಲೂಕುಗಳ ನಡುವಿನ ಈ ಕುರುಚಲು ಗುಡ್ಡಗಳಲ್ಲಿ 96 ಚದರ ಕಿಲೋಮೀಟರಿಗೆ ಚೂರು ಹೆಚ್ಚು ಜಾಗವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಎಂದು ಸಾರಿದರು. ಚಿಂಕಾರಕ್ಕೆಂದೇ ರಾಜ್ಯದಲ್ಲಿ ಆದ ಮೊದಲ ಧಾಮ ಇದು. ಸೈಕಲ್ ಹುಡುಗರಿಗೆ ಒಂದು ಮಾತು: ಊರಿಂದ ಊರಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೋಗಬೇಡಿ. ಧಾಮ ಎಂಬ ಕಾನೂನು ಒಂದು ಕಾರಣ. ಇನ್ನೊಂದು, ಈ ಹುಲ್ಲುಗಾವಲಿನಲ್ಲಿ ಚಿಂಕಾರ ಬದುಕಿರುವುದೇ ದೂರದಿಂದ ಕಂಡು ಓಡುವ ಬಲದ ಮೇಲೆ. ಪದೇ ಪದೇ ಓಡಿಸಿದರೆ ಬಿರುಬೇಸಿಗೆಯಲ್ಲಿ ಅದಕ್ಕೆ ಮೇಯಲು ಹೊತ್ತು ಸಿಗುವುದಿಲ್ಲ. ಓಟದ ಮಾತು ಬಂತೆಂದರೆ ಮುಧೋಳ ನಾಯಿಯೂ ಇದೇ ಸೀಮೆಯದ್ದು. ಸೈಕಲ್ ಸವಾರರಿಗೆ ಅದು ಸಮಾಧಾನದ ಸುದ್ದಿಯಲ್ಲ.

ಗುಡ್ಡದ ಮಗ್ಗುಲಲ್ಲೇ ಹಲಗಲಿ. 1857ರಲ್ಲಿ ಉತ್ತರದ ದಂಗೆಗೆ ಅಂಜಿದ ಸರ್ಕಾರ, ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂಬ ಕಾಯ್ದೆ ತಂದಿತು. ಹಲಗಲಿ ಆಗ ಮುಧೋಳ ಸಂಸ್ಥಾನದ ಊರು. ಅಲ್ಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಕಾವಲು, ಮಾನ. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮ್‌ನ ದಂಡು ಬಂತು. ಊರಿಗೆ ಬೆಂಕಿ ಇಟ್ಟರು, ಮನೆ ಮನೆಯೊಳಗೆ ಜನ ಸತ್ತರು. ಆಮೇಲೆ ಮುಧೋಳದಲ್ಲಿ ಮತ್ತು ಹಲಗಲಿಯಲ್ಲಿ ಒಟ್ಟು 19 ಜನರನ್ನು ಗಲ್ಲಿಗೆ ಹಾಕಿದರು. ಜಡಗ, ಬಾಲ ಎಂಬ ಮುಂದಾಳುಗಳ ಹೆಸರು ನಮಗೆ ಉಳಿದದ್ದು ಲಾವಣಿಯಿಂದ. ಅದನ್ನು ಬರೆದುಕೊಂಡು 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವನು ಮತ್ತೆ ಒಬ್ಬ ಸಾಹೇಬ, ಶಾಸನಗಳ ಫ್ಲೀಟ್. ತನ್ನ ಸರ್ಕಾರವೇ ಸುಟ್ಟ ಊರಿನ ಹಾಡನ್ನು ತಾನೇ ಕಾಪಾಡಿದ ಅಧಿಕಾರಿ. ಇತಿಹಾಸದಲ್ಲಿ ಇಂಥ ತಮಾಷೆಗಳು ಇರುತ್ತವೆ.

ಹಲಗಲಿಯ ಸುತ್ತ ಸೈಕಲ್ ಹೊಡೆದು ಆ ಯುದ್ಧವನ್ನು ಊಹಿಸಿಕೊಳ್ಳುವವರು ಒಂದು ಸಂಗತಿ ನೆನಪಿಡಬೇಕು. ಇವತ್ತು ದಾರಿಯ ಎರಡೂ ಕಡೆ ಒತ್ತಾಗಿ ಬೆಳೆದು ಟ್ಯೂಬು ತೂತು ಮಾಡುವ ಬಳ್ಳಾರಿ ಜಾಲಿ ಆಗ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಈ ದೇಶಕ್ಕೆ ತಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಹಲಗಲಿ ಸುಟ್ಟ ಮೇಲೆ. ಅಂದರೆ 1857ರ ಗುಡ್ಡ ಇನ್ನೂ ಬಯಲು, ಇನ್ನೂ ಬತ್ತಲೆ. ಅಡಗಲು ಪೊದೆಗಿಂತ ಕಲ್ಲಿನ ಸಂದಿಯೇ ಗತಿ. ಬೇಡರು ಯಾಕೆ ಗುಡ್ಡ ಹಿಡಿಯದೆ ಊರ ಗೋಡೆಗಳ ನಡುವೆ ನಿಂತು ಹೊಡೆದಾಡಿದರು ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು. ನನ್ನ ಊಹೆ, ಅಷ್ಟೇ. ಮುಳ್ಳಿನ ವಿಷಯಕ್ಕೆ ಬಂದರೆ, ಟ್ಯೂಬ್‌ಲೆಸ್ ಟೈರಿಗೆ ಅಂಟು ದ್ರಾವಣ ಹಾಕಿಸಿಕೊಂಡೇ ಈ ಕಡೆ ಬನ್ನಿ. ಗಾಳಿ ಕಡಿಮೆ ಇರಲಿ, ಕಲ್ಲಿನ ಮೇಲೆ ಗಾಲಿ ಜಿಗಿಯುವುದಿಲ್ಲ.

ಹಲಗಲಿಯಿಂದ ಮುಧೋಳಕ್ಕೆ ಇಳಕಲು, ಕೆಳಗೆ ಕಬ್ಬಿನ ಹಸಿರು. ಧೂಪದಾಳದಿಂದ ಬರುವ ಘಟಪ್ರಭಾ ಎಡದಂಡೆ ಕಾಲುವೆಯ ಕೃಪೆ. ಕಾಲುವೆಯ ಏರಿ ಮೇಲಿನ ಗರಸಿನ ದಾರಿ ಸಪಾಟು, ದಣಿದ ಕಾಲಿಗೆ ಔಷಧ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಇದೇ ಮುದುವೊಳಲಿನವನು. 2019ರ ಆಗಸ್ಟ್‌ನ ನೆರೆಯಲ್ಲಿ ಇದೇ ಹೊಳಿ ಮುಧೋಳ ತಾಲೂಕಿನ ಊರುಗಳೊಳಗೆ ಬಂತು. ಕೆಳಗೆ ಅಣೆಕಟ್ಟಿನ ಹಿನ್ನೀರು, ಮೇಲಿಂದ ನೆರೆ, ನಡುವೆ ಊರು.

ಈಗಿನ ಲೆಕ್ಕ ಹೀಗಿದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಬಹುದು ಎಂದಿತು. ಈಗಿನದ್ದಕ್ಕಿಂತ 4.656 ಮೀಟರ್ ಹೆಚ್ಚು. ಒಬ್ಬರ ಮೇಲೆ ಒಬ್ಬರು ಮೂವರು ನಿಂತರೆ ಆಗುವಷ್ಟು ಎತ್ತರವೂ ಅಲ್ಲ. ಆದರೆ ಈ ಸೀಮೆಯಲ್ಲಿ ನೆಲ ಹೊಳಿಯಿಂದ ಮೆಲ್ಲಗೆ ಏರುವುದರಿಂದ ಅಷ್ಟು ನೀರು ಮೈಲಿಗಟ್ಟಲೆ ಅಡ್ಡ ಹರಡುತ್ತದೆ. ಬಾಗಲಕೋಟೆಯ ಇನ್ನಷ್ಟು ಭಾಗ, ಇಪ್ಪತ್ತರಷ್ಟು ಹಳ್ಳಿ, ಎಕರೆಗಟ್ಟಲೆ ಎರಿ ಹೊಲ ಇದರ ಲೆಕ್ಕದಲ್ಲಿವೆ. ಪರಿಹಾರದ ಮಾತು ವರ್ಷದಿಂದ ವರ್ಷಕ್ಕೆ ನಡೆಯುತ್ತಲೇ ಬಂದಿದೆ. ಈ ನಡುವೆ ಮನೆ ರಿಪೇರಿ ಮಾಡಿಸಬೇಕೋ ಬ್ಯಾಡೋ, ಬೋರು ಹಾಕಿಸಬೇಕೋ ಬ್ಯಾಡೋ, ಮಗಳ ಮದುವೆಗೆ ಹೊಲ ಮಾರಿದರೆ ಯಾರಾದರೂ ಕೊಳ್ಳುತ್ತಾರೋ ಇಲ್ಲೋ ಎಂಬುದು ಗೊತ್ತಾಗದೆ ಒಂದು ತಲೆಮಾರು ಕಳೆದಿದೆ.

ಅದಕ್ಕೇ ಈ ದಾರಿಗಳಲ್ಲಿ ಹೆಲ್ಮೆಟ್ಟು ಹಾಕಿಕೊಂಡು, ಹ್ಯಾಂಡಲ್ಲಿಗೆ ಜಿಪಿಎಸ್ ಸಿಕ್ಕಿಸಿಕೊಂಡು ಹೋದರೆ ಕೇಳುವ ಪ್ರಶ್ನೆ ಬೇರೆ ಕಡೆಯದ್ದಲ್ಲ. ಬೇರೆ ಕಡೆ, "ಗಾಡಿ ಎಷ್ಟಾತ್ರಿ?" ಅನ್ನುತ್ತಾರೆ. ಇಲ್ಲಿ, "ಸರ್ವೇಕ್ಕ ಬಂದೀರೇನ್ರಿ?" ಅನ್ನುತ್ತಾರೆ. ಅಲ್ಲ, ಸುಮ್ಮನೆ ಊರು ನೋಡಲಿಕ್ಕೆ ಎಂದರೆ ಪೂರಾ ನಂಬುವುದಿಲ್ಲ. ಹಿನ್ನೀರಿನ ಸನಿಹದ ಒಂದು ಹೊಲದ ಬದುವಿನಲ್ಲಿ ಹಿರಿಯರೊಬ್ಬರು ಎಲೆ ಅಡಿಕೆ ಚೀಲ ಬಿಚ್ಚುತ್ತ ಕೂತಿದ್ದರು. ಪಡದಿಯಲ್ಲಿ ಅಂಕಿ ಓಡುವುದನ್ನು ಬಗ್ಗಿ ನೋಡಿದರು.

"ಇದು ಏನು ತೋರಸ್ತದ್ರೀ?"

"ಎತ್ತರಾ ತೋರಸ್ತದರೀ ಯಜಮಾನ್ರ. ಸಮುದ್ರದಿಂದ ಎಷ್ಟು ಮೀಟರ್ ಮ್ಯಾಲ ಅದೀವಿ ಅಂತ."

"ಹಂಗಾರ ಈ ಬೇವಿನ ಗಿಡದ ಕಡೆ ಎಷ್ಟದ ನೋಡ್ರಿ. ಐನೂರಾ ಇಪ್ಪತ್ನಾಕರ ಒಳಗೋ, ಹೊರಗೋ?"

ಗಿಡದ ಬುಡಕ್ಕೆ ಹೋಗಿ ನಿಂತೆ. ಅಂಕಿ 527 ಅಂದಿತು. ಸ್ವಲ್ಪ ಹೊತ್ತಿಗೆ 522 ಅಂದಿತು. ಇಂಥ ಸಣ್ಣ ಯಂತ್ರದ ಎತ್ತರದ ಅಂದಾಜು ಐದು ಮೀಟರ್, ಕೆಲವೊಮ್ಮೆ ಹತ್ತು ಮೀಟರ್ ಆಚೀಚೆ ಆಗುವುದು ಸಾಮಾನ್ಯ. ಅವರ ಹೊಲದ ಹಣೆಬರಹ ಇರುವುದು ಅದಕ್ಕಿಂತ ಕಡಿಮೆ ಎತ್ತರದಲ್ಲಿ. ಇದರಿಂದ ಹೇಳಲಿಕ್ಕೆ ಆಗೂದಿಲ್ಲರೀ ಎಂದೆ. "ಅವ್ರೂ ಹಂಗ ಅಂತಾರ" ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು.